ಕೈಲಿ ಒಂದು

ಗಣಿ ಮುಚ್ಚಿ ಹನ್ನೊಂದು ವರ್ಷ.
ಕಲ್ಲಿದ್ದಲ ರೈಲು ಓಡುತ್ತಿದ್ದ ಹಳಿಗಳ ಮೇಲೀಗ
ಬ್ಲ್ಯಾಕ್‌ಬೆರಿ ಮುಳ್ಳು.
ಕೆಂಟಕಿಯ ಈ ಮೂಲೆಯಲ್ಲಿ
ಯಾವ ದಿನ ಯಾರ ಹತ್ತಿರ ಕಾಸಿರುತ್ತದೆಂದು
ಕ್ಯಾಲೆಂಡರ್ ನೋಡದೆ ಹೇಳಬಲ್ಲೆ.
ಹಾರ್ಡ್‌ವೇರ್ ಅಂಗಡಿಯವನಿಗೆ ಅಷ್ಟಾದರೂ ಗೊತ್ತಿರಬೇಕು.

ತಿಂಗಳ ಕೊನೆಯ ದಿನ, ಒಂಬತ್ತೂಕಾಲಿಗೆ,
ಮಿಸ್ ಆರ್ಡಿತ್ ಸ್ಟಿಲ್ಟ್‌ನರ್.
ಮೂರನೇ ತರಗತಿ, ಮೂವತ್ನಾಲ್ಕು ವರ್ಷ.
ಬೂದು ಬಣ್ಣದ ಕಾರನ್ನು ಎರಡು ಬಿಳಿ ಗೆರೆಗಳ
ನಟ್ಟನಡುವೆ ನಿಲ್ಲಿಸುತ್ತಾರೆ,
ಬೀದಿಯಲ್ಲಿ ಬೇರೆ ಕಾರೇ ಇಲ್ಲದಿದ್ದರೂ.

ಅವರ ಕ್ಲಾಸಿನಲ್ಲಿ ಕೂಡುವ ಲೆಕ್ಕ ತಪ್ಪುತ್ತಿದ್ದವನು ನಾನು.
‘ಎಂಟೂ ಏಳೂ ಹದಿನೈದು. ಐದು ಬರೆ. ಕೈಲಿ?’
‘ಕೈಲಿ ಏನಿಲ್ಲ ಮಿಸ್’ ಎಂದು ಅಂಗೈ ಬಿಚ್ಚಿ ತೋರಿಸಿದ್ದೆ.
ಇಡೀ ಕ್ಲಾಸು ನಕ್ಕಿತ್ತು. ಅವರು ನಗಲಿಲ್ಲ.
‘ಇದೆ, ಡೆನ್ವರ್. ಕಾಣುವುದಿಲ್ಲ, ಅಷ್ಟೆ.
ಪಕ್ಕದ ಮನೆಗೆ ದಾಟಿಸು.’

ಒಮ್ಮೆ, ಸುಮ್ಮನೆ, ಅವರು ಕೊಟ್ಟ ಇಪ್ಪತ್ತರ ನೋಟಿನ ಮೂಲೆಗೆ
ಪೆನ್ಸಿಲ್ಲಿನಿಂದ ಚುಕ್ಕಿಯಿಟ್ಟೆ.
ಮಧ್ಯಾಹ್ನ ನೆವಾಳ ಹೋಟೆಲಿನಲ್ಲಿ ಬೀನ್ಸು ತಿಂದು ಅದನ್ನೇ ಕೊಟ್ಟೆ.
ನೆವಾ ಫ್ರಿಜ್ ರಿಪೇರಿಯ ಎಲ್ಜಿನ್‌ಗೆ ಕೊಟ್ಟಳು.
ಎಲ್ಜಿನ್ ಮಗಳ ಬೂಟಿಗೋ, ತನ್ನ ಕ್ಷೌರಕ್ಕೋ...
ಅಲ್ಲಿಂದಾಚೆ ನನಗೆ ತಿಳಿಯದು.
ಎಂಟನೇ ದಿನ ಚುಕ್ಕಿ ನನ್ನ ಗಲ್ಲಾಕ್ಕೆ ಮರಳಿತು,
ನಾಲ್ಕು ಮಡಿಕೆಯಾಗಿ, ಕರಿದ ಎಣ್ಣೆಯ ವಾಸನೆಯೊಂದಿಗೆ.
ತಂದವರು ಪಾದ್ರಿ. ಚರ್ಚಿನ ತಗಡಿಗೆ ಮೊಳೆ ಬೇಕಿತ್ತಂತೆ.
ಎಷ್ಟು ಮನೆ ದಾಟಿತ್ತೋ! ನೋಟು ಮಾತ್ರ ಒಂದೇ.

ರೇಡಿಯೋದಲ್ಲಿ ರಾಜಧಾನಿಯ ಯಾರೋ ಹೇಳುತ್ತಿದ್ದ:
ಮೇಷ್ಟರುಗಳ ಪಿಂಚಣಿ ರಾಜ್ಯಕ್ಕೊಂದು ಹೊರೆ.
ಹೊರೆ!
ಆ ಮಾತು ನಮಗೆ ಹಳೆಯದು.
ಕಲ್ಲಿದ್ದಲ ಮೇಲಿನ ಮಣ್ಣಿಗೂ ಕಂಪನಿಯವರು ಅದೇ ಹೆಸರಿಟ್ಟಿದ್ದರು.
ಆ ಮಣ್ಣಿನಲ್ಲಿ ಓಕ್ ಇತ್ತು, ಜಿನ್ಸೆಂಗ್ ಬೇರಿತ್ತು,
ನನ್ನ ಅಜ್ಜನ ಜೇನುಪೆಟ್ಟಿಗೆಗಳಿದ್ದವು.
ಹೊರೆ ಎಂದು ಕಣಿವೆಗೆ ನೂಕಿದರು.
ತೊರೆ ಅದರಡಿ ಇನ್ನೂ ಹರಿಯುತ್ತಿದೆ ಎನ್ನುತ್ತಾರೆ.
ನಾನಂತೂ ಕೇಳಿಲ್ಲ.

ಮೂವತ್ನಾಲ್ಕು ವರ್ಷ ತಿಂಗಳು ತಿಂಗಳೂ
ಸಂಬಳದಲ್ಲಿ ಕಳೆದು ಇಟ್ಟದ್ದು ಅವರದೇ ದುಡ್ಡು.
ರೇಡಿಯೋದವನಿಗೆ ಕಳೆಯುವ ಲೆಕ್ಕ
ಯಾರು ಕಲಿಸಿದರೋ.

ಹತ್ತೊಂಬತ್ತು ಜನರಿದ್ದರು ಈ ಊರಲ್ಲಿ ನಿವೃತ್ತ ಮೇಷ್ಟರು.
ಮಾರ್ಚಿನಲ್ಲಿ ಹೋಬರ್ಟ್ ಐಸನ್ ಸರ್ ಹೋದರು, ಭೂಗೋಳ.
ಕ್ಷೌರದಂಗಡಿ ಈಗ ಮಂಗಳವಾರ ತೆರೆಯುವುದಿಲ್ಲ.
ಒಂದಕ್ಕೊಂದು ಸಂಬಂಧ ಇಲ್ಲದಿರಬಹುದು.
ಹನ್ನೊಂದು ಉಳಿದಿದ್ದಾರೆ. ಎಣಿಸಬಾರದು ಅಂದುಕೊಂಡೇ ಎಣಿಸುತ್ತೇನೆ.

ಇವತ್ತು ನಲ್ಲಿಗೆ ವಾಷರ್, ಅರ್ಧ ಪೌಂಡು ಮೊಳೆ,
ಹಕ್ಕಿಗಳಿಗೆ ಸೂರ್ಯಕಾಂತಿ ಬೀಜ.
ಹದಿನೆಂಟು ಡಾಲರ್ ಎಪ್ಪತ್ತು ಸೆಂಟು.
ಯಂತ್ರಕ್ಕಿಂತ ಮೊದಲೇ ಅವರ ತುಟಿ ಕೂಡಿಸಿತ್ತು.
ಚಿಲ್ಲರೆ ಎಣಿಸುವಾಗ ನನ್ನ ಬೆರಳನ್ನೇ ನೋಡುತ್ತಿದ್ದರು.
ಬೆರಳು ಬೆವರಿತು. ನನಗೀಗ ಐವತ್ತೆಂಟು.

ಕೊಟ್ಟೆ. ಅವರು ಒಂದು ನಾಣ್ಯವನ್ನು ಬೆರಳ ತುದಿಯಲ್ಲಿ
ನನ್ನ ಕಡೆಗೆ ಸರಿಸಿದರು. ಹತ್ತು ಸೆಂಟು.
‘ಮತ್ತೊಮ್ಮೆ ಎಣಿಸು, ಡೆನ್ವರ್.’

ಬಾಗಿಲ ಗಂಟೆ ಸದ್ದಾಯಿತು. ಕಾರು ಬಿಳಿ ಗೆರೆಗಳಿಂದ
ನಿಧಾನ ಹಿಂದೆ ಸರಿದು, ನೆವಾಳ ಹೋಟೆಲಿನ ಕಡೆ ತಿರುಗಿತು.

ಅಂಗೈ ಬಿಚ್ಚಿ ನೋಡಿದೆ.