ಪೆಟ್ಟಿಗೆಯ ತಳದಲ್ಲಿ

ನಾಲ್ಕಕ್ಕೇ ಎದ್ದೆ.
ಕಣಿವೆಯ ತುಂಬ ಮಂಜು. ಖೋಜಾಲ್ ಊರಿಗೆ ಊರೇ ಇಲ್ಲ;
ಚರ್ಚಿನ ತಗಡಿನ ಮಾಡೊಂದು ಮಾತ್ರ
ಒಣಗಲು ಬೋರಲು ಹಾಕಿದ ತಟ್ಟೆಯ ಹಾಗೆ.
ಹಿತ್ತಿಲಲ್ಲಿ ನೆರೆಯ ಗಂಡಸರು ಆಗಲೇ ಹಂದಿ ಕೊಯ್ದು
ಹಂಡೆಗಳಿಗೆ ಬೆಂಕಿ ಇಟ್ಟಿದ್ದರು.
ಚಹಾ ಕೇಳಿದರು, ಕೊಟ್ಟೆ. ಸಕ್ಕರೆ ಹಾಕಿದೆನೋ ಇಲ್ಲವೋ.
ಯಾರೂ ಏನೂ ಅನ್ನಲಿಲ್ಲ.
ಮದುವಣಗಿತ್ತಿಯ ತಾಯಿಯ ಚಹಾ ಅಂದರೆ ಹಾಗೇ ಇರಬೇಕೇನೋ.

ರೆಮ್ತೇಯಿ ಇನ್ನೂ ಮಲಗಿದ್ದಳು, ಬಾಯಿ ತೆರೆದು,
ಐದು ವರ್ಷದವಳಿದ್ದಾಗಿನ ಹಾಗೆ.
ಅವಳೇಳುವ ಮೊದಲೇ ಮುಗಿಯಬೇಕಿತ್ತು ನನ್ನ ಕಳ್ಳಗೆಲಸ:
ಬೆಡ್‌ಶೀಟು, ಕುಕ್ಕರು, ಹೊಸ ಬೈಬಲು, ಎಲ್ಲ ಹೊರಗೆ ತೆಗೆದು
ಪೆಟ್ಟಿಗೆಯ ತಳದಲ್ಲಿ ಪುವಾನ್‌ದುಮ್ ಮಡಿಸಿ ಹಾಸಿದೆ.

ಕಪ್ಪು ಬಟ್ಟೆ. ಕೆಂಪು ಹಳದಿ ಹಸಿರು ಗೆರೆಗಳಿವೆ, ಆದರೂ ಕಪ್ಪೇ.
ಗಂಡನ ಮನೆಗೆ ಹೋಗುವವಳು ಒಯ್ಯಲೇಬೇಕು,
ಅವನು ಸತ್ತ ದಿನ ಅವನ ಮೇಲೆ ಹೊದಿಸಲು.
‘ಇದೊಂದು ಬೇಡ ಅಮ್ಮ’ ಅಂದಿದ್ದಳು ಹೋದ ವಾರ,
‘ಮದುವೆಗೆ ಮುಂಚೆಯೇ ವಿಧವೆಯಾಗುವ ತಯಾರಿಯಾ?’
ಹೂಂ ಅಂದಿದ್ದೆ. ಹೂಂ ಅನ್ನುವುದಕ್ಕೆ ಏನು ಖರ್ಚು.

ನನ್ನಮ್ಮ ನೇಯ್ದುಕೊಟ್ಟದ್ದು ಗಿಡ್ಡವಾಗಿತ್ತು.
ಸುಮೋ ಉರುಳಿದ ತಿರುವಿನಿಂದ
ದಾರ್‌ಖುಮನನ್ನು ಹೊತ್ತು ತಂದಾಗ
ತಲೆ ಮುಚ್ಚಿದರೆ ಕಾಲು ಹೊರಗೆ,
ಕಾಲು ಮುಚ್ಚಿದರೆ ಹಣೆ.
ಊರ ಹುಡುಗರು ಸುತ್ತ ಕೂತು ಬೆಳಗಿನ ತನಕ ಹಾಡಿದರು.
ನಾನು ಆ ಎರಡು ಪಾದ ನೋಡುತ್ತ ಕೂತೆ;
ಎಡಗಾಲಿನ ಉಗುರು ಕತ್ತರಿಸಲು ಮರೆತಿದ್ದ.

ಅದಕ್ಕೇ ಮಗಳದ್ದನ್ನು ಒಂದು ಗೇಣು ಹೆಚ್ಚಿಗೆ ನೇಯ್ದೆ,
ಕಂಬಕ್ಕೆ ಮಗ್ಗ ಕಟ್ಟಿ, ಸೊಂಟಕ್ಕೆ ಪಟ್ಟಿ ಬಿಗಿದು, ಮಳೆಗಾಲ ಪೂರ್ತಿ.
ಅಳಿಯ ಬೇರೆ ಉದ್ದ.

ಹತ್ತಕ್ಕೆ ತೆರದ ಹಣ ಹಂಚಿದರು.
ಚಿಕ್ಕಪ್ಪನಿಗಿಷ್ಟು, ಸೋದರಮಾವನಿಗಿಷ್ಟು,
ಸೋದರತ್ತೆಗೆ ಕೋಳಿಯ ಲೆಕ್ಕದಲ್ಲಿಷ್ಟು.
ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ತಿರುಗಿದ್ದಕ್ಕೆ
ಅಕ್ಕ ಛುವಾನಿಗೂ ಒಂದು ಪಾಲು.
ಅವಳು ನೋಟು ಹಿಡಿದುಕೊಂಡೇ ಅತ್ತಳು,
ಹೆಗಲು ಒಮ್ಮೆ ಮುಟ್ಟಿ ನೋಡಿಕೊಂಡಳು.
ಹೊಟ್ಟೆಯಲ್ಲಿ ಹೊತ್ತದ್ದಕ್ಕೆ ಎಷ್ಟು ಎಂದು ಕೇಳುವ ಬುದ್ಧಿ
ನನಗೆ ಬರಲಿಲ್ಲ. ತಟ್ಟೆ ಎಣಿಸುತ್ತಿದ್ದೆ.

ಆಮೇಲೆ ಚರ್ಚಿನ ಡೋಲು.
ಬಿಳಿ ಗೌನಿನವಳನ್ನು ಚಿಕ್ಕಪ್ಪ ನಡೆಸಿಕೊಂಡು ಬಂದ,
ಎರವಲು ಕೋಟಿನ ತೋಳು ಎಳೆದುಕೊಳ್ಳುತ್ತ.
ಪಾಸ್ಟರ್ ಕೇಳಿದರು. ಥನ್‌ಸಾಂಗ ಹೇಳಿದ.
ಇವಳೂ ಹೇಳಿದಳು, ಗಂಟಲು ಸರಿಮಾಡಿಕೊಂಡು:
ಸಾವು ನಮ್ಮನ್ನು ಅಗಲಿಸುವ ತನಕ.
ಸಭೆಗೆ ಅದು ಹೂವಿನ ಹಾಗೆ ಕೇಳಿರಬೇಕು.
ನಾನೊಬ್ಬಳು ಅದರ ಉದ್ದಗಲ ಬಲ್ಲವಳು,
ನುಸಿಗುಳಿಗೆ ಇಟ್ಟು ಬೆಳಿಗ್ಗೆಯಷ್ಟೇ ಮಡಿಸಿದವಳು.

ಸಂಜೆ ಚಂಪಾಯಿಯ ಜೀಪು ಬಂತು.
ಪೆಟ್ಟಿಗೆ ಮೇಲಕ್ಕೇರಿಸುತ್ತ ಹುಡುಗನೊಬ್ಬ
‘ಏನಿಷ್ಟು ಭಾರ?’ ಅಂದ.
‘ಕುಕ್ಕರು’ ಅಂದೆ.
ಅವಳು ತಬ್ಬಿದಳು. ಕುಪ್ಪಸಕ್ಕೆ ಪೌಡರು ಮೆತ್ತಿಕೊಂಡಿತು,
ಒರೆಸಲಿಲ್ಲ. ಜೀಪಿನ ಹಿಂಬದಿಯ ಕೆಂಪು ದೀಪ
ಮೂರು ತಿರುವಿನ ತನಕ ಕಂಡಿತು, ಆಮೇಲೆ ಮಂಜು.

ರಾತ್ರಿ ಹತ್ತೂವರೆಗೆ ಫೋನು.
‘ಅಮ್ಮ, ಇಲ್ಲಿ ಭಾರಿ ಚಳಿ.’
ಹೂಂ.
‘ಕೊಟ್ಟ ರಜಾಯಿ ಸಾಲಲಿಲ್ಲ. ಪೆಟ್ಟಿಗೆ ಬಗೆದೆ.’
ಉಸಿರು ಹಿಡಿದೆ.
ಹೆಣದ ಬಟ್ಟೆ, ಮೊದಲ ರಾತ್ರಿ!
ನನ್ನಮ್ಮ ಇದ್ದಿದ್ದರೆ ಎದೆ ಬಡಿದುಕೊಳ್ಳುತ್ತಿದ್ದಳು.
ಆ ಕಡೆ ಯಾರೋ ನಕ್ಕರು, ಗಂಡುದನಿ.
‘ಅತ್ತೆ ಏಳುವ ಮೊದಲು ಮಡಿಸಿಡುತ್ತೇನೆ.
ಆದರೆ ಇಷ್ಟು ಉದ್ದ ಯಾಕೆ ನೇಯ್ದೆಯಮ್ಮ?
ಇಬ್ಬರ ಕಾಲೂ ಮುಚ್ಚುತ್ತೆ.’

‘ಬಿಸಿನೀರಲ್ಲಿ ಒಗೆಯಬೇಡ’ ಅಂದೆ,
‘ಬಣ್ಣ ಬಿಡುತ್ತೆ.’