ಹಸಿರು ಸೀರೆ

ಹತ್ತೊಂಬತ್ತು ವರ್ಷದಿಂದ ಸಂಜೆ ಕಾಲೇಜಿನಲ್ಲಿ
ಗುಂಪು ಎಂಬ ಪಾಠ ಮಾಡುತ್ತೇನೆ.
ನೋಟ್ಸಿನ ಅಂಚು ಹಳದಿಯಾಗಿ ಮುರಿಯುತ್ತದೆ,
ಹಪ್ಪಳದ ಹಾಗೆ.
ಪಾಠ ಇಷ್ಟೇ: ಜನ ಹೆಚ್ಚಿದಷ್ಟೂ
ಕೈ ಚಾಚುವವರು ಕಡಿಮೆ.
ಹೊಣೆಯೆಂಬುದು ನೀರು ಬೆರೆಸಿದ ಸಾರು,
ಪಂಕ್ತಿ ಉದ್ದವಾದಷ್ಟೂ ತೆಳ್ಳಗೆ.
ಪರೀಕ್ಷೆಗೆ ಬರುತ್ತದೆ, ಎಂಟು ಅಂಕ.

ಶ್ರಾವಣದ ಶುಕ್ರವಾರ ಬೆಳಗ್ಗೆ, ಕಲಾಸಿಪಾಳ್ಯದಲ್ಲಿ,
ಬಸ್ಸು ತಿರುಗುವ ಕಡೆ, ಬೆಳ್ಳುಳ್ಳಿ ಗುಡ್ಡೆಗಳ ಪಕ್ಕ,
ಬ್ಯಾಂಡ್‌ಸೆಟ್ಟಿನ ಕೆಂಪು ಕೋಟು ತೊಟ್ಟವನೊಬ್ಬ
ಮೊದಲು ಕೂತ, ಆಮೇಲೆ ಒರಗಿದ,
ಆಮೇಲೆ ತೋಳಿನ ಜರಿದಾರವೆಲ್ಲ ಕೆಸರಿಗೆ ತಾಗುವಂತೆ
ಮಲಗಿಬಿಟ್ಟ.
ಕ್ಲಾರಿನೆಟ್ಟಿನ ಪೆಟ್ಟಿಗೆ ಮಾತ್ರ ಎದೆಗವಚಿಕೊಂಡೇ ಇದ್ದ.

ನಾವು ಹನ್ನೊಂದು ಜನ. ಎಣಿಸಿದ್ದೇನೆ.
ಎಣಿಸುವುದಕ್ಕೆ ನನಗೆ ಬಿಡುವಿತ್ತು ನೋಡಿ.

ಹೆಲ್ಮೆಟ್ಟಿನವನು ಚೀಲದವಳ ಮುಖ ನೋಡಿದ,
ಚೀಲದವಳು ಇಯರ್‌ಫೋನಿನ ಹುಡುಗನ ಮುಖ ನೋಡಿದಳು,
ಹುಡುಗ ನನ್ನ ಮುಖ.
ನನ್ನ ಮುಖದಲ್ಲಿ ಏನೂ ಇರಲಿಲ್ಲ.
ಆ ಏನೂ ಇಲ್ಲದ್ದನ್ನೇ ಓದಿಕೊಂಡು
ಏನೂ ಆಗಿಲ್ಲವೆಂದುಕೊಂಡ.
ಅವನ ನೆಮ್ಮದಿ ಕಂಡು ನನಗೂ ನೆಮ್ಮದಿ.

"ಬೆಳಬೆಳಗ್ಗೇನೇ ಏರಿಸಿದಾನೆ" ಅಂದರು ಯಾರೋ.
ಮಾತು ಕೈಯಿಂದ ಕೈಗೆ ದಾಟಿತು,
ತುಂಬಿದ ಬಸ್ಸಲ್ಲಿ ಟಿಕೆಟ್ಟಿನ ದುಡ್ಡು ದಾಟುವಂತೆ.
"ಬ್ಯಾಂಡಿನವರೇ ಹಿಂಗೆ." ಅಂದವನ ದನಿಯಲ್ಲಿ ಕೋಪವಿಲ್ಲ,
ಲೆಕ್ಕ ಸರಿಹೋದ ಸಮಾಧಾನ.
ನಾನು ಎಡವಿದರೆ ಕಲ್ಲು ಕಾರಣ,
ಅವನು ಎಡವಿದರೆ ಅವನೇ.
ಇದು ನಾಲ್ಕನೆಯ ಅಧ್ಯಾಯ.

ಆಗ ಬೆಳ್ಳುಳ್ಳಿ ಮಾರುವ ಖೈರುನ್ನೀಸಾ
ತಕ್ಕಡಿ ಕೆಳಗಿಟ್ಟು ಎದ್ದಳು. ಹೆಸರು ಆಮೇಲೆ ತಿಳಿದದ್ದು.
ಅವಳು "ಯಾರಾದರೂ ಬನ್ನಿ" ಎನ್ನಲಿಲ್ಲ.
ಯಾರಾದರೂ ಎಂಬ ಮನುಷ್ಯ ಈ ಊರಲ್ಲಿಲ್ಲವೆಂದು
ಅವಳಿಗೆ ಯಾರು ಹೇಳಿಕೊಟ್ಟರೋ.
ಬೆರಳು ನೇರ ನನ್ನ ಕಡೆ:
"ಏ ಹಸಿರು ಸೀರೆ! ನಿಮಗೇ. ಬಾಟ್ಲಿ ತೆಗೀರಿ.
ಹೆಲ್ಮೆಟ್ಟು, ಕಾಲು ಹಿಡಿ.
ಚಾ ಅಂಗಡಿ, ಸಕ್ಕರೆ ತಾ, ಜಲ್ದಿ!"

ಹೆಸರು ಬಿತ್ತು,
ಕಾಲಿಗೆ ಜೀವ ಬಂತು.
ನೋಡಿದರೆ ನಾನು ನೆಲದ ಮೇಲೆ ಕೂತಿದ್ದೆ,
ಅವನ ತಲೆ ನನ್ನ ಮಡಿಲಲ್ಲಿತ್ತು.
ಮೂಗು ಹತ್ತಿರ ತಂದರೂ ಹೆಂಡದ ವಾಸನೆಯಿಲ್ಲ;
ಬೆವರು, ಕೊಬ್ಬರಿ ಎಣ್ಣೆ, ಹಿತ್ತಾಳೆ ಗುಂಡಿಗೆ ಉಜ್ಜಿದ ಪಾಲಿಶ್.
ಖೈರುನ್ನೀಸಾ ಅವನ ಕೆನ್ನೆಯೊಳಗೆ ಸಕ್ಕರೆ ಸವರಿದಳು,
ಮಗುವಿಗೆ ಜೇನು ನೆಕ್ಕಿಸುವಂತೆ.
ಸಕ್ಕರೆ ಕಾಯಿಲೆ. ರಾತ್ರಿಯಿಡೀ ಮದುವೆ ಮನೆಯಲ್ಲಿ ಊದಿ,
ಉಣ್ಣುವ ಮೊದಲೇ ಸೂಜಿ ಚುಚ್ಚಿಕೊಂಡಿದ್ದನಂತೆ.
ಹೆಸರು ಆರೋಗ್ಯಸ್ವಾಮಿ.
ಕಣ್ಣು ಬಿಟ್ಟವನು ಮೊದಲು ಕೇಳಿದ್ದು ಪೆಟ್ಟಿಗೆ.

ಮನೆಯಲ್ಲಿ ಹೇಳಿದೆ: ಐದು ನಿಮಿಷ ನಿಂತಿದ್ದೆನೇನೋ.
ಅಕ್ಕನಿಗೆ ಫೋನಲ್ಲಿ: ಎರಡು.
ಸೋಮವಾರ ತರಗತಿಯಲ್ಲಿ:
"ಹನ್ನೊಂದು ಜನ ಸುಮ್ಮನಿದ್ದರು, ನಾನು ತಕ್ಷಣ ನೀರು ಕೊಟ್ಟೆ."
ಸುಳ್ಳು ಅನ್ನಿಸಲೇ ಇಲ್ಲ.
ಒಳ್ಳೆಯವಳು ಎಂಬ ಹಳೆಯ ಅಳತೆಗೆ
ನಡೆದದ್ದನ್ನೇ ಅಷ್ಟಷ್ಟು ಹಿಡಿದು ಹೊಲಿಯುತ್ತಿದ್ದೆ.
ಹಿಂದಿನ ಬೆಂಚಿನ ಚಂದ್ರಮತಿ,
ಹಗಲು ಗಾರ್ಮೆಂಟ್ಸಿನಲ್ಲಿ ತೋಳು ಕೂಡಿಸುವವಳು, ಕೈಯೆತ್ತಿದಳು.
"ಹಂಗಾದ್ರೆ ಮೇಡಂ, ಹನ್ನೊಂದು ಎಣಿಸಿದ್ದು ಯಾವಾಗ?"
ಕರೆಂಟಾದರೂ ಹೋಗಲಿ ಎಂದು ಬೇಡಿಕೊಂಡೆ.
ಹೋಗಲಿಲ್ಲ.

ಹದಿನೈದು ದಿನ ಬಿಟ್ಟು ಅದೇ ದಾರಿ, ನೀಲಿ ಸೀರೆ.
ಅರ್ಧ ಕೆಜಿ ಅಂದೆ. ಬೇಕಿರಲಿಲ್ಲ.
ಖೈರುನ್ನೀಸಾ ಮುಖವೆತ್ತಿ ನೋಡಿದಳು, ಗುರುತು ಹತ್ತಲಿಲ್ಲ.
ತೂಗಿದಳು, ಎರಡು ಗಡ್ಡೆ ಮೇಲೆ ಹಾಕಿದಳು.
"ಚಿಲ್ಲರೆ ಕೊಡಿ, ನೀಲಿ ಸೀರೆ."
ಹಿಂದೆ ಐದಾರು ಜನ ನಿಂತಿದ್ದರು.
ನಾನು ಪರ್ಸಿನ ತಳ ತಡಕುತ್ತಿದ್ದೆ.