ಮೂರನೇ ಗೇರು ನಿಲ್ಲುತ್ತಿಲ್ಲ

ಗಜೇಂದ್ರಗಡದ ಏರಿನಲ್ಲಿ ಅದು ಮೊದಲ ಸಲ ಜಿಗಿಯಿತು,
ಹಿಡಿದ ಕೈ ಕೊಡವಿಕೊಂಡು ಓಡುವ ಮಗುವಿನ ಹಾಗೆ.
ಓಮ್ನಿಯ ಹಿಂದಿನ ಸೀಟಿನಲ್ಲಿ ಏಳು ಬಾಯಿಗಳ ಹಲ್ಲು,
ಹತ್ತಿಯಲ್ಲಿ ಸುತ್ತಿ, ಹೆಸರು ಬರೆದು.
ಅಂದಿನಿಂದ ನನ್ನ ಎಡಗೈ ಗೇರಿನ ಮೇಲೆಯೇ ಇದೆ.
ಕುಷ್ಟಗಿಯಿಂದ ಇಳಕಲ್ಲಿಗೆ ಈಗ ಒಂದೇ ಕೈಯ ದಾರಿ.

ಮಾಬುಸಾಬ್ ಬಾಗಿ, ಕಿವಿ ಕೊಟ್ಟು, ಎದ್ದು
ಕೈ ಒರೆಸಿಕೊಂಡ. ಅದೇ ಅವನ ಚೀಟಿ.
“ಅಕ್ಕಾ, ಒಳಗಿಂದೆಲ್ಲಾ ಸವದೈತಿ.
ಹೊಸಪ್ಯಾಟಿ ಗುಜರ್ಯಾಗ ಹಳೇ ಬಾಕ್ಸ್ ಸಿಗತೈತಿ, ಒಂಬತ್ತು ಸಾವಿರ.
ಅದರ ಹೊಟ್ಟ್ಯಾಗ ಏನೈತಿ ಅಂತ ಮಾತ್ರ ನನ್ನ ಕೇಳಬ್ಯಾಡ್ರಿ.”
ಇದನ್ನೇ ಬಿಚ್ಚಿ ಕಟ್ಟಿದರೆ?
“ಕಟ್ಟಾವ್ರು ಹೋದ್ರು. ಈಗ ಎಲ್ಲಾ ಬದಲಿ ಹಾಕಾವ್ರು.”

ಕಟ್ಟುವುದು ನನ್ನ ಕಸುಬು.
ಹದಿನಾರು ವರ್ಷ ಊರಿನ ಹಲ್ಲು ಕಟ್ಟಿದ್ದೇನೆ,
ಬೋರಿನ ನೀರು ಹಳದಿ ಮಾಡಿ, ಕಂದು ಮಾಡಿ,
ಕೊನೆಗೆ ಚೂರು ಮಾಡಿದ ಹಲ್ಲುಗಳ ಜಾಗಕ್ಕೆ.
ಬಿಳಿಯವಲ್ಲ, ಅದೇ ನೀರಿನ ಬಣ್ಣದವು.
ಬೆಳ್ಳಗೆ ಮಾಡಿದ್ದಕ್ಕೆ ತಾವರಗೇರಾದ ಫಕೀರವ್ವ
ವಾಪಸ್ ಕಳಿಸಿದ್ದಳು:
“ಇದು ನನ್ನ ಬಾಯಿ ಅಲ್ಲ, ಸೊಸೀದು.”

ಹಲ್ಲು ಅಂದರೆ ಹಲ್ಲೇ ತಾನೆ, ಎಂದುಕೊಂಡೆ ಮೊದಲು.
ಅಲ್ಲ.
ಬಾಯಿ ಕ್ಷಮಿಸುತ್ತದೆ. ಎತ್ತರವಾದರೆ ಉಜ್ಜಬಹುದು,
ಒಂದು ವಾರ ರೊಟ್ಟಿ ನೆನೆಸಿ ತಿಂದರೆ ಒಸಡು ಕಲಿಯುತ್ತದೆ.
ಕಬ್ಬಿಣಕ್ಕೆ ಒಸಡಿಲ್ಲ.
ಸವೆದ ಗೇರಿನ ಎದುರು ಹೊಸದನ್ನು ಕೂರಿಸಿದರೆ
ಒಂದನ್ನೊಂದು ತಿನ್ನುತ್ತವೆ.
ಜೋಡಿಯಾಗಿಯೇ ಬದಲಿಸಬೇಕು. ಆಮೇಲೆ ಬೇರಿಂಗು,
ಹಿತ್ತಾಳೆಯ ಉಂಗುರಗಳು, ಕೂದಲಿನಷ್ಟು ತೆಳು ವಾಷರುಗಳು,
ಸಿಡಿದರೆ ಬೀರುವಿನಡಿ ಹೋಗಿ ಕಾಣೆಯಾಗುವ ಲಾಕುಗಳು.
ಕೂಡಿ ನೋಡಿದೆ: ಹನ್ನೊಂದು ಸಾವಿರದ ನಾನೂರು.
ಇಡೀ ಗಾಡಿಗೆ ಯಾರಾದರೂ ಕೊಡುವುದು ಮೂವತ್ತು,
ಅದೂ ಅವರಿಗೆ ಹಬ್ಬದ ಮನಸ್ಸಿದ್ದರೆ.

ಭಾನುವಾರ ಎಣ್ಣೆ ಇಳಿಸಿದೆ,
ಜೋಳದ ಹಿಟ್ಟು ನಾದುವ ಪರಾತಕ್ಕೆ. ಅವ್ವನಿಗೆ ಹೇಳಬೇಡಿ.
ಕಪ್ಪು ಎಣ್ಣೆ, ಒಳಗೆ ಮಿಣಮಿಣ,
ಕ್ರೋಮಿನ ಹಲ್ಲು ಉಜ್ಜುವಾಗ ನನ್ನ ಮೇಜಿನ ಮೇಲೆ ಬೀಳುವುದೂ
ಇದೇ ಪುಡಿ.
ಅಯಸ್ಕಾಂತ ಅದ್ದಿದೆ. ಅದಕ್ಕೆ ಗಡ್ಡ ಬಂತು.
ಗಡ್ಡದಲ್ಲೊಂದು ಚೂರು ಪುಡಿಯಲ್ಲ, ಹಲ್ಲಿನ ಮೂಲೆ.
ಬೆರಳ ತುದಿಯಲ್ಲಿಟ್ಟು ಬೆಳಕಿಗೆ ಹಿಡಿದೆ, ಅಭ್ಯಾಸ:
ಯಾವ ದವಡೆ, ಎಡವೋ ಬಲವೋ, ಎಷ್ಟು ವಯಸ್ಸು.

ಹುಲಿಗೆಪ್ಪ, ನನ್ನ ಲ್ಯಾಬಿನ ಹುಡುಗ, ಕೇಳಿದ:
“ಎಲ್ಲಾ ಕೂಡಿಸಿದ ಮ್ಯಾಲ ಒಂದು ಉಳೀತು ಅಂದ್ರ?”
ಉಳಿಯುತ್ತದೆ. ಒಂದಾದರೂ ಉಳಿಯುತ್ತದೆ.
ಅದನ್ನು ಅಂಗೈಯಲ್ಲಿಟ್ಟುಕೊಂಡು ರಾತ್ರಿ ಹನ್ನೊಂದಕ್ಕೆ ಕೂರುವವಳು ನಾನು,
ಮತ್ತೆ ಬಿಚ್ಚುವವಳೂ.
ಗುಜರಿಯ ಬಾಕ್ಸಿಗೆ ಆ ತಾಪತ್ರಯವಿಲ್ಲ,
ಅದರೊಳಗಿನ ತಪ್ಪು ಇನ್ಯಾರದೋ.
ಇದರದು ನನ್ನದಾಗುತ್ತದೆ.

ಇನ್ನೂ ತೀರ್ಮಾನ ಮಾಡಿಲ್ಲ.
ಶೆಡ್ಡಿನ ನೆಲ ಗುಡಿಸಿದ್ದೇನೆ ಅಷ್ಟೇ.
ರಟ್ಟಿನ ಮೇಲೆ ಬಾಕ್ಸಿನ ಚಿತ್ರ ಬರೆದು
ಬೋಲ್ಟು ಸಿಕ್ಕಿಸಲು ತೂತು ಹಾಕಿದ್ದೇನೆ, ಹದಿನಾಲ್ಕು.
ಮೊದಲನೆಯದು ಅಲುಗಲಿಲ್ಲ, ಸುತ್ತ ಎಣ್ಣೆ ಬಿಟ್ಟು ಬಂದೆ.
ಮತ್ತೆ, ಇಳಕಲ್ಲಿನ ಡಾಕ್ಟರಿಗೆ ಫೋನು ಮಾಡಿದೆ:
ಹದಿನೈದು ದಿನ ಗಾಡಿ ಬರುವುದಿಲ್ಲ,
ಹಲ್ಲು ಆರೂವರೆಯ ಬಸ್ಸಿಗೆ ಬರುತ್ತವೆ,
ಸ್ಟೀಲು ಡಬ್ಬಿಯಲ್ಲಿ, ಕಂಡಕ್ಟರನ ಕೈಯಲ್ಲಿ.
ಅವನು ಬುತ್ತಿ ಅಂದುಕೊಂಡು ಬಿಚ್ಚದಿದ್ದರೆ ಸಾಕು.